ಬೀಗತಿಯ ಪಡಸಾಲೆಯಲ್ಲಿ ನನ್ನ ಮಗ್ಗ

ಹೋದ ತಿಂಗಳು ಒಂದು ಮದುವೆಗೆಂದು ಗಜೇಂದ್ರಗಡಕ್ಕೆ ಹೋಗಿದ್ದೆ. ಮೊಮ್ಮಗಳು ಕೃಪಾ ನನ್ನ ಸೆರಗು ಹಿಡಿದುಕೊಂಡೇ ಬಂದಿದ್ದಳು. ಈಗ ಒಂದನೆಯ ಇಯತ್ತೆ. ಬಸ್ಸಿನ ಕಿಟಕಿಯಿಂದ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ ಅಕ್ಕಪಕ್ಕದವರ ತಲೆ ತಿಂದಳು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ ನನಗೆ ಅದು ಹಾಡು ಕೇಳಿದ ಹಾಗೆ ಇತ್ತು. ಮದುವೆ ಮುಗಿಸಿ ನಮ್ಮ ಹಳೆಯ ಓಣಿಗೆ ಕಾಲಿಟ್ಟೆವು. ಯಾರೋ ಹಾದಿಯಗುಂಟ ನೂಲಿನ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಬಿಗಿದು ಅದಕ್ಕೆ ಗಂಜಿ ಹಚ್ಚುತ್ತಿದ್ದರು. ಹಸಿ ಗಂಜಿಯ ಆ ಹುಳಿ ಹುಳಿ ವಾಸನೆ ಮೂಗಿಗೆ ಬಡಿಯಿತು ನೋಡಿರಿ, ನನ್ನ ಕಾಲು ಅಲ್ಲಿಯೇ ನಿಂತುಬಿಟ್ಟವು.

ನಾವು ಇದ್ದ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಒಳ್ಳೆಯ ಹೆಣ್ಣುಮಗಳು, ಒಳಗೆ ಕರೆದು ನೀರು ಕೊಟ್ಟಳು. ನೆಲಕ್ಕೆಲ್ಲ ನುಣ್ಣಗಿನ ಟೈಲ್ಸ್ ಹಾಕಿಸಿದ್ದಾರೆ. ನನ್ನ ಮಗ್ಗದ ಕುಣಿ ಇದ್ದ ಜಾಗದಲ್ಲಿ ಒಂದು ಫ್ರಿಜ್ಜು ನಿಂತಿದೆ.

"ಅಜ್ಜಿ, ನಿನ್ನ ಕುಣಿ ಎಲ್ಲೈತಿ?" ಅಂತ ಕೃಪಾ ಕೇಳಿದಳು.

"ಅದರ ಬುಡಕ ಐತಿ ನನ್ನವ್ವ."

ಆಕೆ ಹೋಗಿ ಫ್ರಿಜ್ಜಿನ ಮೈ ಸವರಿ, "ಪಾಪ" ಅಂದಳು. ಯಾರಿಗೆ ಪಾಪ ಅಂದಳೋ. ನನಗೆ ಮಾತ್ರ ಆ ವರ್ಷದ ಮಳೆಗಾಲವೆಲ್ಲ ಕಣ್ಣ ಮುಂದೆ ಬಂದು ನಿಂತಿತು. ಅದು ನಾವು ಮನೆ ಬದಲಿಸಿದ ವರ್ಷ. ನನಗೆ ಹೊಟ್ಟೆಕಿಚ್ಚು ಅನ್ನುವುದು ಜ್ವರದ ಹಾಗೆ ಹತ್ತಿದ ವರ್ಷ.

ಮಗ್ಗದ ಕುಣಿ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕೈಮಗ್ಗಕ್ಕೆ ನೆಲದಲ್ಲಿ ಒಂದು ತಗ್ಗು ಬೇಕು. ನೇಯುವವರು ನೆಲದ ಅಂಚಿನ ಮೇಲೆ ಕೂತು ಕಾಲನ್ನು ಅದರೊಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಮಗ್ಗದ ಕಟ್ಟಿಗೆಯನ್ನು ಬಿಚ್ಚಿ ಎಲ್ಲಿಗಾದರೂ ಒಯ್ಯಬಹುದು. ಕುಣಿಯನ್ನು ಒಯ್ಯಲಿಕ್ಕೆ ಆಗುವುದಿಲ್ಲ. ಆ ಕುಣಿಯನ್ನು ನನ್ನ ಯಜಮಾನರು ನಾನು ಮದುವೆಯಾಗಿ ಬಂದ ಹೊಸದರಲ್ಲಿ ತಮ್ಮ ಕೈಯಾರೆ ತೋಡಿದ್ದರು. ಗಜೇಂದ್ರಗಡಕ್ಕೆ ನಾವು ಗಡ ಅನ್ನುತ್ತೇವೆ; ಗಡದ ನೆಲ ಗುಡ್ಡದ ನೆಲ, ಹಾರೆಗೆ ಕಿಡಿ ಹಾರುತ್ತಿತ್ತು. ನನ್ನ ಮೊಣಕಾಲಿನ ಅಳತೆ ತೆಗೆದುಕೊಂಡು ತೋಡಿದರು. ಅವರು ಪ್ರಭುವಿನ ಬಳಿಗೆ ಹೋದ ಮೇಲೂ ಆ ಕುಣಿಯಲ್ಲಿ ಕಾಲಿಟ್ಟರೆ ಅವರು ಹತ್ತಿರ ಇದ್ದ ಹಾಗೆಯೇ ಅನಿಸುತ್ತಿತ್ತು. ಓಣಿಯ ತುಂಬ ನೇಕಾರರ ಮನೆಗಳು. ಅವರು ತಮ್ಮ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ನಾವು ಪ್ರಾರ್ಥನೆಗೆ ಕೂಡುತ್ತಿದ್ದೆವು. ಮಗ್ಗದ ಸಪ್ಪಳ ಮಾತ್ರ ಎಲ್ಲರದೂ ಒಂದೇ.

ನನ್ನ ಮಗ ಸಮುವೇಲ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಸುಜಾತಾ ರೋಣದ ಹುಡುಗಿ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಆಕೆಗೆ ದಿನ ನಿಂತವು. ಏಳು ತಿಂಗಳು ತುಂಬುವ ತನಕ ನನ್ನ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಕಂಡಿಕೆ ಅಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಸುತ್ತುತ್ತ ಸುತ್ತುತ್ತ ಅಲ್ಲಿಯೇ ನಿದ್ದೆ ಹೋಗುತ್ತಿದ್ದಳು. ಆಮೇಲೆ ಪದ್ಧತಿಯಂತೆ ಹೆರಿಗೆಗೆ ತವರುಮನೆಗೆ ಕಳಿಸಿದೆವು. ಹೆಣ್ಣು ಕೂಸು ಹುಟ್ಟಿತು. ನಾನು ಓಣಿಯ ಮನೆ ಮನೆಗೆ ಸಕ್ಕರೆ ಹಂಚಿದೆ. ಪಕ್ಕದ ಮನೆಯ ಶಂಕ್ರವ್ವ, ಆಕೆಯೂ ನನ್ನ ಹಾಗೆ ಪಟ್ಟೆದಂಚಿನ ಸೀರೆ ನೇಯುವವಳು, "ಮಾರ್ಥವ್ವ, ನೆಲದ ಮ್ಯಾಲ ನಡಿ, ಹಾರಾಡಿ ತೊಲಿಗೆ ತಲಿ ಬಡಿಸ್ಕೊಂಡೀ" ಅಂತ ಚೇಷ್ಟೆ ಮಾಡಿದಳು.

ಕೂಸನ್ನು ನೋಡಲು ರೋಣಕ್ಕೆ ಹೋದೆ. ಎತ್ತಿಕೊಂಡೆ. ಅದು ಕಿಟಾರನೆ ಚೀರಿತು. ಬೀಗತಿ ಎಸ್ತೇರವ್ವ ನನ್ನ ಕೈಯಿಂದ ಇಸಿದುಕೊಂಡರು. ಕೂಸು ಒಂದು ಬಿಕ್ಕಳಿಕೆ ಕೊಟ್ಟು ಸುಮ್ಮನಾಯಿತು.

"ಹೊಸಾ ಕೈ ನೋಡ್ರಿ ಅಕ್ಕಾರ, ಅದಕ್ಕ ಅಳತೈತಿ" ಅಂದರು.

ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಹೊಸ ಕೈ ಅನ್ನುವ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿಯಿತು. ಹೆಸರೂ ಅಲ್ಲಿಯೇ ಇಟ್ಟಾಗಿತ್ತು. ಕೃಪಾ. ಚಂದದ ಹೆಸರು. ನಾನು ಕೇಳಿಸಿಕೊಂಡದ್ದು ಎಲ್ಲರೂ ಕರೆಯಲು ಶುರು ಮಾಡಿದ ಮೇಲೆ. ಬಸ್ಸಿನಲ್ಲಿ ಊರಿಗೆ ಬರುತ್ತ ನನಗೆ ನಾನೇ ಹೇಳಿಕೊಂಡೆ, ಇರಲಿ, ಐದನೇ ತಿಂಗಳಿಗೆ ಕೂಸು ನನ್ನ ಮನೆಗೆ ಬರುತ್ತದೆ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದೆ. ಮಗ್ಗದ ಮೇಲಿನ ತೊಲೆಗೆ ತೊಟ್ಟಿಲ ಕೊಂಡಿ ಹಾಕಿಸಿದೆ. ನಾನು ನೇಯುತ್ತ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ತೂಗಬೇಕು, ಅದು ನನ್ನನ್ನೇ ನೋಡುತ್ತ ಮಲಗಬೇಕು. ನನ್ನ ಲೆಕ್ಕ ಅಷ್ಟೇ.

ಮಗ ಒಂದು ಸಂಜೆ ಬಂದು ಚಪ್ಪಲಿ ಕಳಚದೆ ಬಾಗಿಲಲ್ಲಿಯೇ ನಿಂತ.

"ಯವ್ವಾ, ರೋಣದ ಡಿಪೋಕ್ಕ ಹಾಕ್ಯಾರ. ಅಲ್ಲೇ ಒಂದು ಬಾಡಗಿ ಮನಿ ನೋಡೀನಿ. ಸುಜಾತಾನ ತವರಮನಿಗೆ ಎರಡು ಓಣಿ ಅಷ್ಟ. ಕೂಸಿಗೂ ಚಲೋ ಆತು."

ಕೂಸಿಗೆ ಚಲೋ ಆಯಿತು. ಎಸ್ತೇರವ್ವರಿಗೂ ಚಲೋ ಆಯಿತು. ಕೂಸು ನನ್ನ ಮನೆಗೆ ಬರುವ ಬದಲು ನಾನು ಕೂಸಿನ ಊರಿಗೆ ಹೋಗಬೇಕಾಯಿತು. ಕೊಂಡಿ ತೊಲೆಯಲ್ಲಿಯೇ ಉಳಿಯಿತು.

ಹೊರಡುವ ಮುಂಚೆ ಸಭಾಪಾಲಕರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಅಬ್ರಹಾಮನ ಕಥೆ ಹೇಳಿದರು. ದೇವರು ಹೊರಡು ಅಂದ ಕೂಡಲೇ ಅವನು ತನ್ನ ಊರು, ಬಳಗ ಬಿಟ್ಟು ಎಲ್ಲಿಗೆ ಅಂತ ಕೇಳದೆ ಹೊರಟನಂತೆ. ಡೇರೆ ಎತ್ತಿದ, ನಡೆದ. ಎಲ್ಲರೂ ಆಮೆನ್ ಅಂದರು. ನಾನು ಚಹಾ ಕೊಡುತ್ತ ಅಂದೆ, "ಅಯ್ಯನಾರ, ಅಬ್ರಹಾಮನ್ನ ದೇವರು ಕೇಳಿದ, ಸೈ. ಅವನ ಹೇಣ್ತಿ ಸಾರವ್ವನ್ನ ಯಾರರ ಕೇಳಿದ್ರೇನ್ರಿ? ಆಕೀ ಗಡಿಗಿ ಮಡಿಕಿ, ಒಲಿ, ಕುಣಿ ಎಲ್ಲಾ ಬಿಟ್ಟು ಬರುವಾಗ?"

ಸಭಾಪಾಲಕರು ನಕ್ಕು, "ಸಾರವ್ವನ ಮಗ್ಗ ಇತ್ತೋ ಇಲ್ಲೋ ಬರದಿಲ್ಲವ್ವ" ಅಂದರು. ನನಗೆ ನಗು ಬರಲಿಲ್ಲ. ಸಾರಳಿಗೂ ಇನ್ನೊಬ್ಬಳ ಮಗುವನ್ನು ನೋಡಿ ಹೊಟ್ಟೆ ಉರಿದದ್ದು ನಮ್ಮ ಶಾಸ್ತ್ರದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಬರೆದಿದೆ. ಅದನ್ನು ಮಾತ್ರ ಯಾವ ಪ್ರಾರ್ಥನೆಯಲ್ಲಿಯೂ ಯಾರೂ ಹೇಳುವುದಿಲ್ಲ.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಕಡಿದು ತೆಗೆಯಲು ಕತ್ತರಿ ಹಿಡಿದಿದ್ದೆ. ಶಂಕ್ರವ್ವ ಓಡಿ ಬಂದು ಕೈ ಹಿಡಿದಳು. "ಕಡೀಬ್ಯಾಡ. ನೇಯ್ದದ್ದು, ಹಾಸು ಎಲ್ಲಾ ಹಂಗ ಸುತಗೊಂಡು ಒಯ್ಯಿ. ಹರದ ಎಳಿ ಅಲ್ಲಿ ಹೋಗಿ ಕೂಡಸು. ಊರು ಬಿಟ್ರ ಬಿಡು, ಎಳಿ ಬಿಡಬ್ಯಾಡ." ಇಬ್ಬರೂ ಕೂಡಿ ಅದನ್ನು ಸುತ್ತಿದೆವು. ಆಕೆ ಅಳಲಿಲ್ಲ, ನಾನೂ ಅಳಲಿಲ್ಲ. ಆಕೆಯ ಕೈಗೆ ನನ್ನ ಹಳೆಯ ಲಾಳಿ ಒಂದನ್ನು ಕೊಟ್ಟೆ. ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು ಆ ಸುರುಳಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೆ. ಜಕ್ಕಲಿ ದಾಟುವಾಗ ನೆಲದ ಬಣ್ಣ ಬದಲಾಗಿತ್ತು. ಕಣ್ಣು ಹಾಯುವ ತನಕ ಕರಿ ಎರೆಭೂಮಿ. ಮೊದಲ ಮಳೆಯಾಗಿ ಹೆಸರಿನ ಬಿತ್ತನೆ ನಡೆದಿತ್ತು.

ಹೊಸ ಮನೆಗೆ ಕಾಲಿಡುವಾಗ ಮೊದಲು ಶಾಸ್ತ್ರದ ಪುಸ್ತಕ, ಆಮೇಲೆ ಉಪ್ಪು, ಆಮೇಲೆ ಒಲೆಗೆ ಬೆಂಕಿ ಅಂತ ನಮ್ಮ ಅವ್ವ ಹೇಳಿಕೊಟ್ಟಿದ್ದಳು. ನಾನು ಪುಸ್ತಕವನ್ನೂ ಉಪ್ಪನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಟೆಂಪೋ ಇಳಿದೆ. ನೋಡಿದರೆ ಬಾಗಿಲು ತೆರೆದಿದೆ. ನೆಲ ಒರೆಸಿದೆ. ಗ್ಯಾಸಿನ ಮೇಲೆ ಚಹಾ ಕುದಿಯುತ್ತಿದೆ. ಎಸ್ತೇರವ್ವ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತು, "ಬರ್ರಿ ಬರ್ರಿ ಅಕ್ಕಾರ, ಒಳಗ ಬರ್ರಿ" ಅನ್ನುತ್ತಿದ್ದಾರೆ.

ನನ್ನ ಮನೆಗೆ ನಾನೇ ಬೀಗತಿಯಾಗಿ ಬಂದ ಹಾಗಾಯಿತು. ಚಹಾ ಚೆನ್ನಾಗಿತ್ತು. ಸಕ್ಕರೆ ಕಮ್ಮಿ ಇದೆ ಅಂದೆ.

ಆ ದಿನಗಳಲ್ಲಿ ಕೂಸು ಸಂಜೆಯಾದರೆ ಹಟ ಹಿಡಿಯುತ್ತಿತ್ತು. ಹೊಟ್ಟೆನೋವೋ, ನಿದ್ದೆಯೋ, ದವಾಖಾನೆಗೆ ತೋರಿಸಿದರೂ ತಿಳಿಯಲಿಲ್ಲ. ನಾನು ಎತ್ತಿಕೊಂಡರೆ ಇನ್ನೂ ಜೋರು. ಸುಜಾತಾ ಸ್ವಲ್ಪ ಹೊತ್ತು ನೋಡಿ, "ಅತ್ತೀ, ಅವ್ವನ ಹತ್ರ ಒಯ್ದು ಬರ್ತೀನ್ರಿ" ಅಂತ ಎರಡು ಓಣಿ ದಾಟಿ ಓಡುತ್ತಿದ್ದಳು. ಅಲ್ಲಿಯೂ ಅಳುತ್ತಿತ್ತು, ಆದರೆ ಆ ತೊಡೆಯ ಮೇಲೆ ಅತ್ತು ಅತ್ತು ಕೊನೆಗೆ ಮಲಗುತ್ತಿತ್ತು. ನಾನು ಖಾಲಿ ತೊಟ್ಟಿಲ ಮುಂದೆ ಕೂತು, ದೇವರೇ, ನನ್ನ ಊರು ಬಿಡಿಸಿ ಇಲ್ಲಿಗೆ ಯಾಕೆ ತಂದೆ, ಇದನ್ನು ನೋಡಲಿಕ್ಕೇ ಏನು ಅಂತ ಕೇಳುತ್ತಿದ್ದೆ. ಆ ಕೂಸು ಒಂದು ಸಲ, ಒಂದೇ ಸಲ, ನನ್ನ ಹತ್ತಿರ ಸುಮ್ಮನಾದರೆ ಸಾಕಿತ್ತು. ಬೇರೆ ಏನೂ ಬೇಡಲಿಲ್ಲ.

ಮಗ್ಗವನ್ನಾದರೂ ಹೂಡೋಣ ಅಂತ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕುಣಿ ತೋಡಿಸಲು ನಿಂತೆ. ಮನೆಯ ಮಾಲೀಕರು ಏನಾದರೂ ಮಾಡಿಕೊಳ್ಳಿರಿ ಅಂದಿದ್ದರು. ನೆಲ ಬೆಣ್ಣೆಯಂತೆ ಬಂತು. ಗಡದಲ್ಲಿ ಯಜಮಾನರು ಅಷ್ಟು ದಿನ ಬೆವರು ಸುರಿಸಿದ ಕೆಲಸ ಇಲ್ಲಿ ಬಿಸಿಲು ಏರುವ ಮೊದಲೇ ಮುಗಿಯಿತು. ನನಗೆ ಭಾಳ ಖುಷಿಯಾಯಿತು. ಆಗ ಎಸ್ತೇರವ್ವ ಬಂದರು.

"ಅಕ್ಕಾರ, ಇದು ಎರಿ ನೆಲಾ ಐತ್ರಿ. ಮಳಿ ಹಿಡೀತಂದ್ರ ನೀರು ಒಳಗಿಂದ ಏಳತಾವು."

"ಮಗ್ಗದ ಮಾತು ನನಗ ಬಿಡ್ರಿ" ಅಂದೆ. "ಮನಿ ನೀವ ಒರಸಿದ್ರಿ, ಒಲಿ ನೀವ ಹಚ್ಚಿದ್ರಿ. ಕುಣಿನೂ ನೀವ ತೋಡತೀರೇನು?"

ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ನಾನು ಗೆದ್ದೆ ಅಂದುಕೊಂಡೆ. ಕಟ್ಟಿಗೆ ಹೂಡಿ, ಸುತ್ತಿ ತಂದ ಹಾಸನ್ನು ಬಿಗಿಯಲು ಒಳ್ಳೆಯ ದಿನ ನೋಡುತ್ತಿದ್ದೆ. ಅಷ್ಟರಲ್ಲಿ ಮಳೆ ಹಿಡಿಯಿತು. ನರಗುಂದದ ಕಡೆಯಿಂದ ಬಂದ ಬಸ್ಸುಗಳು ಟಾಯರಿಗೆಲ್ಲ ಎರೆಮಣ್ಣು ಮೆತ್ತಿಸಿಕೊಂಡು ಬರುತ್ತಿದ್ದವು. ಚಿಕ್ಕನರಗುಂದ, ಅಸೂಟಿ ಕಡೆಯ ಹೊಲಗಳಲ್ಲಿ ಹೆಸರು ಮೊಣಕಾಲೆತ್ತರ ಬಂದಿದೆ ಅಂತ ಮಗ ಬಂದು ಹೇಳುತ್ತಿದ್ದ. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದೆ. ಕುಣಿಯ ತುಂಬ ನೀರು. ಮೇಲಿನಿಂದ ಒಂದು ಹನಿಯೂ ಸೋರಿರಲಿಲ್ಲ, ಎಲ್ಲ ಒಳಗಿನಿಂದ ಎದ್ದದ್ದು. ನೆಲ ಉಬ್ಬಿ ಮಗ್ಗದ ಕಾಲು ಒಂದು ಅತ್ತ, ಒಂದು ಇತ್ತ ವಾಲಿದ್ದವು. ನಾನು ಕಾಲು ಇಳಿಬಿಡಬೇಕಾದ ಜಾಗದಲ್ಲಿ ಒಂದು ಕಪ್ಪೆ ಕೂತಿತ್ತು.

ಶೆಡ್ಡಿನ ಹೊಸ್ತಿಲ ಮೇಲೆ ಕೂತು ಅತ್ತೆ. ಗಡ ಬಿಡುವಾಗ ಅಳದೆ ಇಟ್ಟುಕೊಂಡದ್ದೆಲ್ಲ ಅಲ್ಲಿ ಹೊರಗೆ ಬಂತು. ತಲೆ ಎತ್ತಿದರೆ ಎಸ್ತೇರವ್ವ ಕೊಡೆ ಹಿಡಿದು ನಿಂತಿದ್ದಾರೆ. ನಾನು ಹೇಳಿರಲಿಲ್ಲೇನು ಅಂತ ಒಂದು ಮಾತು ಅಂದಿದ್ದರೆ ಅವತ್ತೇ ಮಾತು ಬಿಡುತ್ತಿದ್ದೆ. ಅವರು ನೀರನ್ನು ನೋಡಿದರು, ನನ್ನನ್ನು ನೋಡಿದರು, ಹೋದರು.

ಮರುದಿನ ಸೊಸೆಯ ಕೈಯಲ್ಲಿ ಕರೆಕಳಿಸಿದರು. ಹೋದೆ. ಅವರ ಪಡಸಾಲೆಯ ನಟ್ಟನಡುವೆ ಇಬ್ಬರು ಆಳುಗಳು ಹಾರೆಯಿಂದ ನೆಲಕ್ಕೆ ಹಾಸಿದ ಕಲ್ಲಿನ ಪರಸಿ ಎಬ್ಬಿಸುತ್ತಿದ್ದರು. ಒರೆಸಿ ಒರೆಸಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಪರಸಿ. ಅವರ ಮನೆಗೆ ಬಂದವರೆಲ್ಲ ಅದನ್ನೇ ಹೊಗಳುತ್ತಿದ್ದರು. ಅದನ್ನು ನೋಡಿ ನಾನೂ ಉರಿದುಕೊಂಡಿದ್ದೆ.

"ಇದೇನ್ರಿ ಇದು?"

"ನಮ್ಮ ಮನಿಯವರು ಕಟ್ಟಸುವಾಗ ಎದಿಮಟ ಗರಸು ಮಣ್ಣು ಹಾಕಿಸಿ ಎತ್ತರ ಮಾಡಿಸ್ಯಾರ್ರಿ. ಎಂಥಾ ಮಳಿ ಬಂದ್ರೂ ಇಲ್ಲಿ ನೀರು ಏಳಂಗಿಲ್ಲ. ನಿಮ್ಮ ಮಗ್ಗ ಇಲ್ಲೇ ಹೂಡ್ರಿ."

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕೊಡುವುದರಲ್ಲಿಯೂ ಈಕೆಯದೇ ಮೇಲುಗೈ ಅನಿಸಿತು. "ಹಂಗಾದ್ರ ನಾನೂ ನಿಮ್ಮ ಮನಿಗೇ ಬರಬೇಕಾತು" ಅಂದೆ. "ಮಗ ನಿಮ್ಮ ಊರಿಗೆ ಬಂದ. ಕೂಸು ನಿಮ್ಮ ತೊಡಿ ಬಿಟ್ಟು ಇಳಿಯಂಗಿಲ್ಲ. ನನ್ನ ಹತ್ರ ಉಳದದ್ದು ಮಗ್ಗ ಒಂದ ಇತ್ತು."

ಎಸ್ತೇರವ್ವ ಆಳುಗಳನ್ನು ಚಹಾ ಕುಡಿಯಲು ಹೊರಗೆ ಕಳಿಸಿದರು. ಎದ್ದ ಪರಸಿಯ ಮೇಲೆ ಕೂತರು.

"ನೀವು ಮಗನ್ನ ಕಳಕೊಂಡಂಗ ಮಾತಾಡ್ತೀರಿ. ನಾ ಮಗಳನ್ನ ನಿಮ್ಮ ಮನಿಗೆ ಕೊಟ್ಟೀನಿ, ಅದು ನೆನಪೈತಿಲ್ಲೋ? ಆಕೀ ಬಸರಿದ್ದಾಗ ದಿನಾ ಫೋನ್ ಮಾಡತಿದ್ದೆ. ಏನ್ ಮಾಡಾಕತ್ತೀಯವ್ವಾ ಅಂದ್ರ, ಅತ್ತಿ ಮಗ್ಗದ ಹತ್ರ ಮಲಗೀನಿ ಅಂತಿದ್ಲು. ಯಾವಾಗ ಕೇಳಿದ್ರೂ ಅದ. ಫೋನಿನಾಗ ನಿಮ್ಮ ಲಾಳಿ ಸಪ್ಪಳ ಕೇಳತಿತ್ತು. ನನ್ನ ಮಗಳು ಬಸರಾಗಿ ಇನ್ನೊಬ್ಬರ ಮಗ್ಗದ ಬುಡಕ ಹಾಯಾಗಿ ಮಲಗ್ಯಾಳಲ್ಲ ಅಂತ ನನಗ ಎಷ್ಟು ಉರೀತಿತ್ತು ಗೊತ್ತೇನ್ರಿ ಅಕ್ಕಾರ? ಪ್ರಾರ್ಥನಾಕ್ಕ ಕುಂತ್ರ ಪ್ರಾರ್ಥನಾ ಬರತಿದ್ದಿಲ್ಲ, ಬರೇ ಟಕ್ ಟಕ್ ಅನ್ನೂದ ಕೇಳತಿತ್ತು."

ನಾನು ಅವರ ಮುಖ ನೋಡಿದೆ. ಖರೇನೇ ಹೇಳುತ್ತಿದ್ದರು. ನನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟಿದ್ದು ಅದೇ ಮೊದಲು ಗೊತ್ತಾದದ್ದು. ಯಾಕೋ ಜೀವಕ್ಕೆ ತಂಪಾಯಿತು.

"ಸ್ವಲ್ಪ ಎಡಕ್ಕ ತೋಡಸ್ರಿ. ಬೆಳಕು ಕಿಟಕಿಯಿಂದ ಬರಬೇಕು" ಅಂದೆ.

ಗರಸಿನ ಕುಣಿ ಗಟ್ಟಿಯಾಗಿ ಬಂತು. ಮಗ ಕಟ್ಟಿಗೆ ಹೂಡಿಕೊಟ್ಟ. ಗಡದಿಂದ ತಂದ ಹಾಸನ್ನು ಬಿಚ್ಚಿ ಬಿಗಿದೆವು. ದಾರಿಯಲ್ಲಿ ಕುಲುಕಿ ಎಷ್ಟೋ ಎಳೆ ಹರಿದಿದ್ದವು. ಒಂದೊಂದನ್ನೇ ಹುಡುಕಿ ಕೂಡಿಸುತ್ತ ಹೋದೆ. ಎಸ್ತೇರವ್ವ ಕನ್ನಡಕ ಹಾಕಿಕೊಂಡು ಆ ಕಡೆ ಕೂತು ಹರಿದ ತುದಿ ಹಿಡಿದು ಕೊಡುತ್ತಿದ್ದರು. ಅವರಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಕಲಿಸಿದೆ. ಕಲಿಸುವಾಗ ಸ್ವಲ್ಪ ಜೋರಾಗಿಯೇ ಬೈದೆ. ಅವರು ಬೈಸಿಕೊಳ್ಳುತ್ತಲೇ ಇನ್ನೊಂದು ಗಂಟು ಹಾಕಿದರು.

ಎಳೆಗಳೆಲ್ಲ ಕೂಡಿದ್ದು ಒಂದು ಸಂಜೆ. ಹೊರಗೆ ಸಣ್ಣ ಮಳೆ. ಸರಿಯಾಗಿ ಕೂಸಿನ ಹಟದ ಹೊತ್ತು. ಎಸ್ತೇರವ್ವ ತೊಡೆಯ ಮೇಲೆ ಹಾಕಿಕೊಂಡು ಲಾಲಿ ಹೇಳುತ್ತಿದ್ದಾರೆ, ಅದು ಮೈಯೆಲ್ಲ ಕೆಂಪಗೆ ಮಾಡಿಕೊಂಡು ಅಳುತ್ತಿದೆ. ಸುಜಾತಾ ಸುಣ್ಣದಂತಾಗಿ ನಿಂತಿದ್ದಾಳೆ. ನಾನು ಯಾರಿಗೂ ಬೇಡಾದವಳ ಹಾಗೆ ಕುಣಿಯಲ್ಲಿ ಕಾಲು ಇಳಿಬಿಟ್ಟು, ಒಂದು ಮಾತಿನ ಪ್ರಾರ್ಥನೆ ಹೇಳಿ ಹಲಗೆ ತುಳಿದೆ. ಲಾಳಿ ಓಡಿತು. ಟಕ್. ತಿರುಗಿ ಬಂತು. ಟಕ್.

ಕೂಸು ಅಳುವುದನ್ನು ನಿಲ್ಲಿಸಿತು.

ನಾನು ಗಮನಿಸಲಿಲ್ಲ. ನನ್ನ ಕಣ್ಣು ನೂಲಿನ ಮೇಲೆ ಇತ್ತು. ಎಸ್ತೇರವ್ವ ಮೆಲ್ಲಗೆ, "ಅಕ್ಕಾರ, ನಿಲ್ಲಸಬ್ಯಾಡ್ರಿ" ಅಂದರು. ನೋಡಿದೆ. ಕೂಸು ಅವರ ತೊಡೆಯ ಮೇಲಿಂದ ಕುತ್ತಿಗೆ ಹೊರಳಿಸಿ ಈ ಕಡೆ ಹುಡುಕುತ್ತಿದೆ. ಕೆನ್ನೆಯ ಮೇಲೆ ಇನ್ನೂ ಕಣ್ಣೀರು. ಕಣ್ಣು ಮಾತ್ರ ಅಗಲವಾಗಿ ತೆರೆದು ಮಗ್ಗದ ಕಡೆಗೆ.

"ಇದರ ಸಪ್ಪಳ ಗೊತ್ತೈತ್ರಿ ಇದಕ್ಕ" ಅಂದರು ಎಸ್ತೇರವ್ವ. "ಒಳಗಿದ್ದಾಗ ಕೇಳೈತಿ."

ನಾನು ಮಗ್ಗ ಬಿಟ್ಟು ಓಡಿಹೋಗಿ ಎತ್ತಿಕೊಂಡೆ. ಎತ್ತಿಕೊಂಡ ಕೂಡಲೇ ಕೂಸು ಮತ್ತೆ ಚೀರಿತು. ಮಗ್ಗ ನಿಂತಿತ್ತಲ್ಲ. ತಿರುಗಿ ಎಸ್ತೇರವ್ವರ ಕೈಗೆ ಕೊಟ್ಟು ಕುಣಿಗೆ ಇಳಿದೆ, ಲಾಳಿ ಓಡಿಸಿದೆ, ಸುಮ್ಮನಾಯಿತು. ನೋಡಿರಿ ದೇವರ ಆಟ. ನಾನು ನೇಯ್ದರೆ ಮಾತ್ರ ಅದಕ್ಕೆ ಸಮಾಧಾನ. ನೇಯುವಾಗ ಎತ್ತಿಕೊಳ್ಳಲು ನನಗೆ ಕೈ ಇಲ್ಲ. ನನ್ನ ಸಪ್ಪಳ, ಅವರ ತೊಡೆ. ಎರಡೂ ಕೂಡಿದರೆ ಒಬ್ಬ ಅಜ್ಜಿ. ನಾನು ನಕ್ಕೆ, ಅತ್ತೆ, ನೇಯ್ದೆ. ಅವತ್ತು ಕತ್ತಲಾಗುವ ತನಕ ನೇಯ್ದ ಗೇಣುದ್ದದ ಬಟ್ಟೆಯಲ್ಲಿ ತಪ್ಪಿದ ಎಳೆಗಳು ಎಷ್ಟೋ. ಆ ಸೀರೆಯನ್ನು ಮಾರಲಿಲ್ಲ. ಈಗಲೂ ಪೆಟ್ಟಿಗೆಯಲ್ಲಿ ಇದೆ.

ಮರುದಿನ ಶಾಸ್ತ್ರ ತೆಗೆದು ಅಬ್ರಹಾಮನ ಕಥೆ ಓದಲು ಹೋಗಿ ಬೇರೆ ಪುಟಕ್ಕೆ ಬಂದೆ. ಮರಿಯಳು ತನ್ನ ಬಳಗದ ಎಲಿಸಬೇತಳು ಬಸರಿ ಇದ್ದಾಗ ಆಕೆಯ ಮನೆಗೆ ಹೋದ ಕಥೆ. ಬಾಗಿಲಲ್ಲಿ ನಿಂತು ಮಾತಾಡಿಸಿದ ಮರಿಯಳ ದನಿ ಕೇಳಿ ಎಲಿಸಬೇತಳ ಹೊಟ್ಟೆಯೊಳಗಿನ ಕೂಸು ಕುಣಿಯಿತಂತೆ. ಎಷ್ಟು ಸಲ ಓದಿದ್ದೆ. ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದುವವಳು ನಾನು, ಆದರೂ ಅದು ಮನೆ ಬಿಟ್ಟು ಮನೆಗೆ ಹೋದವರ ಕಥೆ ಅಂತ ಹೊಳೆದಿರಲಿಲ್ಲ. ಮರಿಯಳು ತನ್ನ ಮನೆ ಬಿಟ್ಟು ಹೋಗದಿದ್ದರೆ ಆ ಕೂಸು ಯಾಕೆ ಕುಣಿಯುತ್ತಿತ್ತು? ನಾನು ಗಡದಲ್ಲೇ ಕೂತಿದ್ದರೆ, ಯಜಮಾನರು ತೋಡಿದ ಕುಣಿಯಲ್ಲೇ ಕಾಲಿಟ್ಟುಕೊಂಡಿದ್ದರೆ, ಈ ಕೂಸು ನನ್ನನ್ನು ಹುಟ್ಟುವ ಮೊದಲೇ ಬಲ್ಲದು ಅನ್ನುವುದು ನನಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಕುಣಿಯನ್ನು ಹೊತ್ತು ತರಲಿಲ್ಲ ಅಂತ ಅಳುತ್ತಿದ್ದೆ. ದೇವರು ನನ್ನ ಕೈಯಲ್ಲಿ ಎಳೆ ಕೊಟ್ಟು ಕಳಿಸಿದ್ದ, ಕುಣಿಯನ್ನು ಇನ್ನೊಬ್ಬಳ ಪರಸಿಯ ಕೆಳಗೆ ಇಟ್ಟಿದ್ದ. ಎದ್ದು ಬಂದವರಿಗೆ ಮಾತ್ರ ಅದು ಸಿಗುತ್ತದೆ. ಡೇರೆ ಎತ್ತಿದ ಸಾರಳಿಗೂ ಕೊನೆಗೆ ಮುಪ್ಪಿನಲ್ಲಿ ಮಗ ಹುಟ್ಟಿ ನಗು ಬಂತಲ್ಲ, ಅದೂ ನೆನಪಾಯಿತು.

ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳಿದರೆ, ಇಲ್ಲ. ಸುಳ್ಳು ಯಾಕೆ ಹೇಳಲಿ. ಕೃಪಾ ಮೊದಲ ಹೆಜ್ಜೆ ಇಟ್ಟದ್ದು ಎಸ್ತೇರವ್ವರ ಕಡೆಗೆ. ಮೊದಲ ಮಾತು ಆಯಿ, ಅಂದರೆ ತಾಯಿಯ ತಾಯಿ, ಅದೂ ಅವರೇ. ಅವರು ಮಾಡುವ ಹೋಳಿಗೆಯಷ್ಟು ನನ್ನ ಹೋಳಿಗೆ ಆಕೆಗೆ ಸೇರುವುದಿಲ್ಲ. ಪ್ರತಿ ಸಲವೂ ಒಂದು ಚೂರು ಉರಿಯುತ್ತದೆ. ಆದರೆ ದಿನಾ ಬೆಳಿಗ್ಗೆ ನಾನು ಎರಡು ಓಣಿ ದಾಟಿ ಆ ಪಡಸಾಲೆಗೆ ಹೋಗುತ್ತೇನೆ. ಬಾಗಿಲು ತೆರೆದೇ ಇರುತ್ತದೆ, ಚಹಾಕ್ಕೆ ಸಕ್ಕರೆ ಜಾಸ್ತಿಯೇ ಹಾಕಿರುತ್ತಾರೆ.

ಹೋದ ತಿಂಗಳು ಗಡದಿಂದ ಬಂದು ರೋಣದಲ್ಲಿ ಬಸ್ಸು ಇಳಿದು ಬೀಗತಿಯ ಓಣಿಗೆ ಬಂದಾಗಲೂ ಹಾಗೆಯೇ. ಕೃಪಾ ನನ್ನ ಕೈ ಬಿಡಿಸಿಕೊಂಡು ಓಡಿಹೋಗಿ ಎಸ್ತೇರವ್ವರನ್ನು ತಬ್ಬಿಕೊಂಡಳು. ನಾನು ಚೀಲ ಹೊತ್ತುಕೊಂಡು ಹಿಂದಿನಿಂದ ಹೋದೆ. ಎದೆಯಲ್ಲಿ ಅದೇ ಹಳೆಯ ಮುಳ್ಳು.

"ಅಜ್ಜಿ ಮನಿ ನೋಡಿ ಬಂದೇನವ್ವ? ಹ್ಯಾಂಗೈತಿ?" ಅಂತ ಅವರು ಕೇಳಿದರು.

"ಅಜ್ಜಿ ಮನಿ ಅಲ್ಲಿಲ್ಲ ಆಯಿ. ಅಲ್ಲಿ ಫ್ರಿಜ್ ಐತಿ" ಅಂದಳು ಕೃಪಾ. "ಅಜ್ಜಿ ಮನಿ ಇದ." ಹಾಗೆ ಅಂದವಳೇ ಪಡಸಾಲೆಗೆ ಹೋಗಿ ಮಗ್ಗದ ಮುಂದೆ ಕೂತು ಕುಣಿಯೊಳಗೆ ಕಾಲು ಇಳಿಬಿಟ್ಟಳು. ಕಾಲು ಹಲಗೆಗೆ ಇನ್ನೂ ಎಟುಕುವುದಿಲ್ಲ. "ಬಾ ಅಜ್ಜಿ, ಲಗೂ ಬಾ" ಅಂತ ಕರೆದಳು.

ಎಸ್ತೇರವ್ವ ತಮ್ಮ ಮನೆಯ ಬಾಗಿಲಲ್ಲಿ ನಿಂತು, ತಮ್ಮ ಪಡಸಾಲೆಯನ್ನು ಒಂದು ಗಳಿಗೆ ನೋಡಿದರು. ಅವರ ಮುಖದ ಮೇಲೆ ಏನೋ ಹಾದುಹೋಯಿತು. ಅದು ಏನು ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ದೇವರು ಕ್ಷಮಿಸಲಿ, ನನಗೆ ಭಾಳ ಸಂತೋಷವಾಯಿತು. ಆಮೇಲೆ ಅವರ ಕೈ ಹಿಡಿದು, "ಬರ್ರಿ ಅಕ್ಕಾರ, ಒಳಗ ಬರ್ರಿ" ಅಂತ ಅವರದೇ ಮನೆಗೆ ಅವರನ್ನು ಕರೆದುಕೊಂಡು ಹೋದೆ.